ಬಿಲ್ಲೆ, ಭಿತ್ತಿಪತ್ರಗಳಾಚೆಗೆ: ಸಲಿಂಗ ವಿವಾಹದ ಹಕ್ಕೊತ್ತಾಯದ ಕಾಗದಗಳು ಮತ್ತು ಸಿಂಧನೂರು ಸೀಮೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಜನಕ್ಕೆ ಪ್ರಚಾರದ ಕಾಗದ ಹೊಸದಲ್ಲ. 2021ರ ಏಪ್ರಿಲ್ 17ರಂದು ನಡೆದ ಮಸ್ಕಿ ಉಪಚುನಾವಣೆ ಇಡೀ ರಾಜ್ಯದ ಕಣ್ಣನ್ನು ಈ ಕಡೆ ಎಳೆದಿತ್ತು. ಕರಪತ್ರ, ಸ್ಟಿಕರ್, ಫ್ಲೆಕ್ಸ್, ಟೋಪಿ, ಶಾಲುಗಳನ್ನು ಜನ ಕಣ್ತುಂಬ ಕಂಡರು. 2023ರ ಮೇ 10ಕ್ಕೆ ವಿಧಾನಸಭೆಯ ಮತದಾನ ಬಂದಾಗ ಮತ್ತೊಮ್ಮೆ ಅದೇ ಸಂತೆ. ಅದೇ ದಿನಗಳಲ್ಲಿ, ಏಪ್ರಿಲ್ 18ರಿಂದ ಮೇ 11ರ ನಡುವೆ, ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಅರ್ಜಿಗಳ ವಿಚಾರಣೆಯನ್ನು ಹತ್ತು ದಿನ ನಡೆಸಿತು. ಮದುವೆ ಎಂದರೇನು, ಕುಟುಂಬ ಎಂದರೆ ಯಾರು ಎಂದು ಅಲ್ಲಿ ವಾದ ನಡೆದಿತ್ತು. ಇಲ್ಲಿ ಅದು ಯಾವ ದೊಡ್ಡ ಪಕ್ಷದ ಪ್ರಚಾರದ ಮುಖ್ಯ ವಿಷಯವೂ ಆಗಲಿಲ್ಲ. ಮತ ಕೇಳುವವರಿಗೆ ಅದರ ಅಗತ್ಯವೂ ಬೀಳಲಿಲ್ಲ.

ಬೇರೆ ದೇಶಗಳಲ್ಲಿ ಈ ಹೋರಾಟ ಎದೆಬಿಲ್ಲೆ, ಪೋಸ್ಟರು, ಅಂಗಳದ ಫಲಕಗಳ ರಾಶಿಯನ್ನೇ ಬಿಟ್ಟುಹೋಗಿದೆ. ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ಅವನ್ನು ಜೋಪಾನ ಮಾಡಿವೆ. ನಮ್ಮ ಕಡೆ ಅಂಥದ್ದನ್ನೇ ಹುಡುಕಿ, ಸಿಗದಿದ್ದಾಗ 'ಈ ಭಾಗದಲ್ಲಿ ಅಂಥವರೂ ಇಲ್ಲ, ಅಂಥ ಬೇಡಿಕೆಯೂ ಇಲ್ಲ' ಎಂದುಬಿಡುವುದು ಸುಲಭ. ಈ ಲೇಖನ ಆ ತೀರ್ಮಾನವನ್ನು ಒಪ್ಪುವುದಿಲ್ಲ. ಒಂದು ಹೋರಾಟ ಎಂಥ ಕಾಗದ ಬಿಡುತ್ತದೆ ಎಂಬುದು ಅದು ಯಾರ ಮುಂದೆ ಕೈಯೊಡ್ಡಿತು ಎಂಬುದರ ಮೇಲೆ ನಿಂತಿರುತ್ತದೆ. ಮತದಾರನ ಮುಂದೆ ನಿಂತದ್ದು ಬಿಲ್ಲೆ, ಪೋಸ್ಟರು ಬಿಡುತ್ತದೆ. ಕೋರ್ಟು ಕಚೇರಿಗಳ ಮುಂದೆ ನಿಂತದ್ದು ಅರ್ಜಿ, ನೋಟಿಸು, ಸುತ್ತೋಲೆ ಬಿಡುತ್ತದೆ. ನಮ್ಮದು ಎರಡನೆಯ ದಾರಿ. ಹಾಗಾಗಿ ಹುಡುಕಬೇಕಾದ ಜಾಗವೂ ಬೇರೆ.

ಮತ ಕೇಳಿದ ದೇಶಗಳಲ್ಲಿ

ಐರ್ಲೆಂಡಿನಲ್ಲಿ 2015ರ ಮೇ 22ರಂದು ಜನಮತಗಣನೆ ನಡೆಯಿತು. ಸಂವಿಧಾನಕ್ಕೆ ತಿದ್ದುಪಡಿ ಬೇಕಿತ್ತು, ಅದಕ್ಕೆ ಜನರ ಒಪ್ಪಿಗೆ ಬೇಕಿತ್ತು. 'ಯೆಸ್ ಈಕ್ವಾಲಿಟಿ' ಹೆಸರಿನ ಅಭಿಯಾನ ಇಂಗ್ಲಿಷಿನಲ್ಲೂ ಐರಿಷ್ ಭಾಷೆಯಲ್ಲೂ ಬಿಲ್ಲೆಗಳನ್ನು ಹಂಚಿತು. ಅಂಗಡಿಯಾತ, ಬಸ್ ಚಾಲಕ, ಅಜ್ಜಿ ಅವನ್ನು ಚುಚ್ಚಿಕೊಂಡು ಓಡಾಡಿದಾಗ, ಯಾರು ಯಾವ ಕಡೆ ಎಂಬುದು ಬೀದಿಯಲ್ಲೇ ಗೊತ್ತಾಗುತ್ತಿತ್ತು. ಶೇ 62ರಷ್ಟು ಮತ ಪರವಾಗಿ ಬಿತ್ತು. ಅಲ್ಲಿನ ಕಾನೂನಿನ ಪ್ರಕಾರ ಮತದಾನ ಮುಗಿದ ಏಳು ದಿನದೊಳಗೆ ಕಂಬದ ಮೇಲಿನ ಪೋಸ್ಟರು ಇಳಿಯಬೇಕು, ಇಲ್ಲವಾದರೆ ದಂಡ. ಹೀಗಾಗಿ ಊರು ತುಂಬಿದ್ದ ಪೋಸ್ಟರು ವಾರದಲ್ಲಿ ಮಾಯ. ಉಳಿದದ್ದು ಯಾರೋ ಬೇಕೆಂದೇ ಎತ್ತಿಟ್ಟದ್ದು ಮಾತ್ರ. ಎತ್ತಿಟ್ಟವರಿಗೆ ಕೊಡಲು ಒಂದು ಜಾಗವೂ ಇತ್ತು: 'ಐರಿಷ್ ಕ್ವಿಯರ್ ಆರ್ಕೈವ್' 2008ರಲ್ಲೇ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಸೇರಿತ್ತು.

ಆಸ್ಟ್ರೇಲಿಯಾ 2017ರಲ್ಲಿ ಅಂಚೆಯ ಮೂಲಕ ಜನಾಭಿಪ್ರಾಯ ಕೇಳಿತು. ಒಂದೇ ಪ್ರಶ್ನೆ, ಎರಡು ಚೌಕ. 1 ಕೋಟಿ 27 ಲಕ್ಷಕ್ಕೂ ಹೆಚ್ಚು ಜನ ಗುರುತು ಹಾಕಿ ಕಳಿಸಿದರು, ಶೇ 61.6ರಷ್ಟು 'ಹೌದು'. ಬಣ್ಣಬಣ್ಣದ ಸ್ಟಿಕರು, ಫಲಕಗಳು ಅಲ್ಲೂ ಬೇಕಾದಷ್ಟು ಬಂದವು. ಆದರೆ ಅತಿ ಹೆಚ್ಚು ಮನೆ ಮುಟ್ಟಿದ ಮುದ್ರಿತ ವಸ್ತು ಸರ್ಕಾರವೇ ಅಚ್ಚು ಹಾಕಿಸಿದ ಆ ಒಂದು ಹಾಳೆಯ ನಮೂನೆ. ಪ್ರಚಾರದ ಇತಿಹಾಸ ಬರೆಯುವವರು ಬಿಲ್ಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಮೂನೆಯನ್ನು ಮರೆಯುವುದುಂಟು.

ಅಮೆರಿಕದಲ್ಲಿ ಎರಡೂ ದಾರಿ ಕಾಣುತ್ತವೆ. 2008ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹ ತಡೆಯುವ 'ಪ್ರೊಪೊಸಿಷನ್ 8' ಮತಕ್ಕೆ ಬಂದಾಗ ಪರ ವಿರೋಧದ ಫಲಕಗಳು ಮನೆ ಮನೆಯ ಅಂಗಳದಲ್ಲಿ ನಿಂತವು. 2015ರ ಜೂನ್ 26ರಂದು ಇಡೀ ದೇಶದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟದ್ದು ಮಾತ್ರ ಸುಪ್ರೀಂ ಕೋರ್ಟು. ಇದಕ್ಕೂ ಬಹಳ ಹಿಂದೆ, 1971ರಲ್ಲಿ, ಮಿನೆಸೋಟಾದ ಜಾಕ್ ಬೇಕರ್ ಮತ್ತು ಮೈಕೆಲ್ ಮೆಕ್‌ಕಾನೆಲ್ ಒಂದು ಕೌಂಟಿ ಕಚೇರಿಯಿಂದ ವಿವಾಹ ಪರವಾನಗಿ ಪಡೆದು ಮದುವೆಯಾದರು. ಅವರ ಕಾಗದಪತ್ರಗಳು ಮಿನೆಸೋಟಾ ವಿಶ್ವವಿದ್ಯಾಲಯದ ಟ್ರೆಟರ್ ಸಂಗ್ರಹದಲ್ಲಿವೆ. 2018ರಲ್ಲಿ ಅಲ್ಲಿನ ನ್ಯಾಯಾಲಯ ಆ ಮದುವೆ ಸಿಂಧುವೆಂದಿತು. ನಾಲ್ಕು ದಶಕ ದಾಟಿದ ಮೇಲೂ ಕೆಲಸಕ್ಕೆ ಬಂದದ್ದು ಗುಮಾಸ್ತನೊಬ್ಬ ಕೊಟ್ಟ ಪರವಾನಗಿ.

ಕೋರ್ಟು ಕಚೇರಿಯ ದಾರಿ

ಏಷ್ಯಾದಲ್ಲಿ ಈ ವಿಷಯ ಹೆಚ್ಚಾಗಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿದೆ. ತೈವಾನಿನಲ್ಲಿ 2017ರ ಮೇ 24ರಂದು ಸಾಂವಿಧಾನಿಕ ನ್ಯಾಯಾಲಯ ಸಲಿಂಗ ಜೋಡಿಗಳ ಪರ ತೀರ್ಪಿತ್ತಿತು. ಮರುವರ್ಷದ ಜನಮತಗಣನೆಯಲ್ಲಿ ವಿರೋಧವೇ ಗೆದ್ದರೂ ಕೋರ್ಟಿನ ಮಾತು ನಿಂತಿತು. 2019ರ ಮೇ 24ರಿಂದ ಕಾನೂನು ಜಾರಿಯಾಯಿತು. ಮೊದಲ ದಿನವೇ 500ಕ್ಕೂ ಹೆಚ್ಚು ಜೋಡಿಗಳು ಮನೆವಾರು ನೋಂದಣಿ ಕಚೇರಿಗಳಲ್ಲಿ ಹೆಸರು ಬರೆಸಿದವು. ನೇಪಾಳದಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಬೆನ್ನಿಗೆ 2023ರ ನವೆಂಬರ್ 29ರಂದು ಲಮ್‌ಜುಂಗ್ ಜಿಲ್ಲೆಯ ದೋರ್ದಿ ಗ್ರಾಮ ಪಾಲಿಕೆ ಮಾಯಾ ಗುರುಂಗ್ ಮತ್ತು ಸುರೇಂದ್ರ ಪಾಂಡೆ ಅವರ ಮದುವೆಯನ್ನು ನೋಂದಾಯಿಸಿತು. ರಾಜಧಾನಿಯಲ್ಲಿ ಆಗದ ಕೆಲಸ ಬೆಟ್ಟದ ಹಳ್ಳಿಯ ಸ್ಥಳೀಯ ಕಚೇರಿಯಲ್ಲಿ ಆಯಿತು. ತಾಲೂಕು ಕೇಂದ್ರಗಳಲ್ಲಿ ಕೂತು ಈ ವಿಷಯ ಯೋಚಿಸುವವರು ಇದನ್ನು ನೆನಪಿಡಬೇಕು.

ಭಾರತದಲ್ಲಿ ಈ ಬೇಡಿಕೆ ಅಚ್ಚಾದದ್ದು ತೀರಾ ಇತ್ತೀಚೆಗೇನಲ್ಲ. 1987ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ಇಬ್ಬರು ಮಹಿಳಾ ಪೊಲೀಸರು ಪರಸ್ಪರ ಮದುವೆಯಾದರು. ಸುದ್ದಿ ಪತ್ರಿಕೆಗೆ ಬಂತು, ಇಬ್ಬರೂ ನೌಕರಿ ಕಳೆದುಕೊಂಡರು. ಇಂದು ಆ ಪ್ರಸಂಗ ಉಳಿದಿರುವುದು ಪತ್ರಿಕೆಯ ತುಣುಕುಗಳಲ್ಲಿ. 1991ರಲ್ಲಿ ದೆಹಲಿಯ 'ಏಡ್ಸ್ ಭೇದಭಾವ ವಿರೋಧಿ ಆಂದೋಲನ' ಎಂಬ ಗುಂಪು 'ಲೆಸ್ ದ್ಯಾನ್ ಗೇ' ಎಂಬ ಪುಟ್ಟ ವರದಿ ತಂದಿತು. ಹೊದಿಕೆಯ ಬಣ್ಣದಿಂದ ಅದಕ್ಕೆ ಗುಲಾಬಿ ಪುಸ್ತಕವೆಂದೇ ಹೆಸರು. ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಸಲಿಂಗ ಮದುವೆಗೆ ಅವಕಾಶ ಕೊಡಬೇಕೆಂಬುದು ಅದರ ಬೇಡಿಕೆಗಳ ಪಟ್ಟಿಯಲ್ಲೇ ಇತ್ತು. ಅಂದರೆ ಸುಪ್ರೀಂ ಕೋರ್ಟಿನ ವಿಚಾರಣೆಗಿಂತ 32 ವರ್ಷ ಮೊದಲೇ ಈ ಮಾತು ಅಚ್ಚಿನ ಮನೆ ಕಂಡಿತ್ತು.

2023ರಲ್ಲಿ ಹೋರಾಟದ ಕಾಗದದ ರೂಪ ಇನ್ನೂ ಬದಲಾಯಿತು. ಆ ಏಪ್ರಿಲ್‌ನಲ್ಲಿ 'ಸ್ವೀಕಾರ್' ಎಂಬ ಪೋಷಕರ ಬಳಗದ 400ಕ್ಕೂ ಹೆಚ್ಚು ತಂದೆ ತಾಯಂದಿರು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಭಾರತೀಯ ವಕೀಲರ ಪರಿಷತ್ತು ವಿರೋಧದ ನಿರ್ಣಯ ಹೊರಡಿಸಿತು. ಅದನ್ನು ಖಂಡಿಸಿ ಕಾನೂನು ವಿದ್ಯಾರ್ಥಿಗಳು ಹೇಳಿಕೆ ಕೊಟ್ಟರು. ಇವೆಲ್ಲ ಓಡಾಡಿದ್ದು ಫೋನಿನಲ್ಲಿ ಪಿಡಿಎಫ್ ಆಗಿ. ಅರ್ಜಿದಾರರಲ್ಲಿ ಬೆಂಗಳೂರಿನ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಕೂಡ ಇದ್ದರು. ಅಕ್ಟೋಬರ್ 17ರಂದು ಬಂದ ತೀರ್ಪು 366 ಪುಟ. ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರೂ ಒಂದು. ಸಹಜೀವನಕ್ಕೆ ಕಾನೂನಿನ ಮಾನ್ಯತೆ ಕೊಡುವ ವಿಷಯದಲ್ಲಿ ಮೂವರು ವಿರೋಧ, ಇಬ್ಬರು ಪರ. 2025ರ ಜನವರಿ 9ರಂದು ಪುನರ್ವಿಮರ್ಶೆಯ ಅರ್ಜಿಗಳೂ ವಜಾಗೊಂಡವು.

ಬೆಂಗಳೂರಿನ ಕಪಾಟು

ಕರ್ನಾಟಕದ ಕಾಗದಗಳ ಸಾಲು ಬೆಂಗಳೂರಿನಿಂದ ಶುರುವಾಗುತ್ತದೆ. 1994ರಲ್ಲಿ 'ಗುಡ್ ಆ್ಯಸ್ ಯು' ಎಂಬ ಸಲಿಂಗಿಗಳ ಬೆಂಬಲ ಗುಂಪು ಹುಟ್ಟಿತು. 1999ರಲ್ಲಿ ಆರಂಭವಾದ 'ಸಂಗಮ' ಸಂಸ್ಥೆ ದಾಖಲೆಗಳನ್ನು ಕೂಡಿಡುವ ಕೆಲಸವನ್ನೇ ಮೊದಲು ಕೈಗೆತ್ತಿಕೊಂಡಿತು. ಪೌರಹಕ್ಕು ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ, 2003ರಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದ ಮೇಲಿನ ಮಾನವ ಹಕ್ಕು ಉಲ್ಲಂಘನೆಗಳ ವರದಿ ಪ್ರಕಟಿಸಿತು. ಇವು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವಂಥ ಚೆಂದದ ವಸ್ತುಗಳಲ್ಲ. ಹೋರಾಟದ ಅಡಿಪಾಯ ಮಾತ್ರ ಇವೇ.

2008ರ ಜೂನ್ 29ರಂದು, ದೆಹಲಿ, ಕೋಲ್ಕತ್ತಗಳಲ್ಲಿ ಹೆಮ್ಮೆಯ ನಡಿಗೆ ನಡೆದ ದಿನವೇ, ಬೆಂಗಳೂರು ತನ್ನ ಮೊದಲ ನಡಿಗೆ ಕಂಡಿತು. ಕೆಲವರು ಮುಖಕ್ಕೆ ಮುಖವಾಡ ಹಾಕಿ ನಡೆದರು. ಒಂದು ಕೈಯಲ್ಲಿ ಹಕ್ಕು ಕೇಳುವ ಫಲಕ, ಮುಖದ ಮೇಲೆ ಗುರುತು ಮರೆಸುವ ಕಾಗದ. ಆ ಕಾಲದ ಭಯವನ್ನೂ ಧೈರ್ಯವನ್ನೂ ಒಟ್ಟಿಗೆ ಹೇಳುವ ಸ್ಮಾರಕ ವಸ್ತು ನಮ್ಮಲ್ಲಿ ಯಾವುದಾದರೂ ಇದ್ದರೆ ಅದು ಆ ಮುಖವಾಡ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಬಗ್ಗೆ 2009, 2013, 2018ರ ತೀರ್ಪುಗಳು ಬಂದಾಗಲೆಲ್ಲ ಬೀದಿಗೆ ಫಲಕ ಬಂದವು. ಬಹುಪಾಲು ಕೈಬರಹದವು, ರಟ್ಟಿನ ಮೇಲೆ ಮಾರ್ಕರ್ ಪೆನ್ನಿನವು.

ಈ ಕಾಗದಗಳಲ್ಲಿ ಮದುವೆ ತಡವಾಗಿ ಬಂದ ಮಾತು. ಪೊಲೀಸರ ಹೊಡೆತ, ಬಾಡಿಗೆ ಮನೆ, ಕೂಲಿ, ಗುರುತಿನ ಚೀಟಿ, 377ನೇ ಕಲಮು ಇವು ಮೊದಲು. ಊರು ಬಿಟ್ಟು ಬಂದ, ದುಡಿದು ತಿನ್ನುವ ವರ್ಗದ ಅನೇಕರಿಗೆ ಮದುವೆಯ ಹಕ್ಕು ಉಳ್ಳವರ ಬೇಡಿಕೆಯಾಗಿಯೂ ಕಂಡಿತು. ಮನೆಯವರೇ ಬಲವಂತದ ಮದುವೆ ಮಾಡಿಸುತ್ತಾರೆಂದು ಊರು ಬಿಟ್ಟವರಿಗೆ 'ಮದುವೆ' ಎಂದರೆ ಮೊದಲು ನೆನಪಾಗುವುದು ಬೆದರಿಕೆ. ಸಂಗ್ರಹ ಮಾಡುವವರು ಈ ಭಿನ್ನಮತದ ಕಾಗದವನ್ನೂ ಜೊತೆಗಿಡಬೇಕು. ಇಲ್ಲದಿದ್ದರೆ ಇಡೀ ಚಳವಳಿ ಒಂದೇ ದನಿಯಲ್ಲಿ ಮಾತಾಡಿತೆಂಬ ಸುಳ್ಳು ಉಳಿಯುತ್ತದೆ.

ಪುಸ್ತಕಗಳದು ಇನ್ನೊಂದು ಸಾಲು. ಸಂಡೂರಿನಿಂದ ಬಂದ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಪ್ರಕಟವಾಗಿ, ಸಲಿಂಗಿಯ ಬದುಕನ್ನು ಕನ್ನಡದ ಸಾಮಾನ್ಯ ಓದುಗರ ಮನೆಯೊಳಗೆ ತಂದಿತು. ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂದು, ರಂಗಕ್ಕೂ ಏರಿತು. ಜಾನಪದ ಕಲಾವಿದೆ ಜೋಗತಿ ಮಂಜಮ್ಮ ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿನಲ್ಲಿ ನಿರೂಪಿಸಿದರು. ಸಿಂಧನೂರಿನ ಓದುಗನಿಗೆ ಬೆಂಗಳೂರಿನ ನಡಿಗೆಯ ಕರಪತ್ರ ಸಿಕ್ಕಿರಲಿಕ್ಕಿಲ್ಲ. ಈ ಪುಸ್ತಕಗಳು ಸಿಗುತ್ತವೆ.

ಇವನ್ನೆಲ್ಲ ಕೂಡಿಡುವ ಕೆಲಸಕ್ಕೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 'ಕಾಮ್ರಾ' ಎಂಬ ದಾಖಲಾಗಾರವಿದೆ. ಚಿತ್ರನಿರ್ಮಾಪಕಿ ಟಿ. ಜಯಶ್ರೀ ಮತ್ತು ಗೆಳೆಯರು ಕಟ್ಟಿದ್ದು. ಆದರೆ ರಾಯಚೂರು ಜಿಲ್ಲೆಯ ಕಾಗದ ಸುಮಾರು 400 ಕಿಲೋಮೀಟರ್ ದೂರದ ಆ ಕಪಾಟು ತಲುಪಬೇಕಾದರೆ, ಮೊದಲು ಇಲ್ಲಿ ಯಾರಾದರೂ ಅದನ್ನು 'ಇದು ದಾಖಲೆ' ಎಂದು ಗುರುತಿಸಬೇಕು.

ಮೂರು ತಾಲೂಕುಗಳಲ್ಲಿ ಎಲ್ಲಿ ನೋಡಬೇಕು

ಈ ಸೀಮೆಗೆ ಲಿಂಗದ ಗೆರೆ ದಾಟಿದವರು ಅಪರಿಚಿತರಲ್ಲ. ಹುಲಿಗಿಯ ಹುಲಿಗೆಮ್ಮ, ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು ಜಾತ್ರೆಗಳಲ್ಲಿ, ಮನೆಯ ಶುಭಕಾರ್ಯಗಳಲ್ಲಿ ಕಾಣುತ್ತಾರೆ. ಮುತ್ತು ಕಟ್ಟುವುದೆಂದರೆ ದೇವಿಗೆ ಮದುವೆಯಾದಂತೆ ಎಂಬ ನಂಬಿಕೆ. ಜನ ಕೈಮುಗಿಯುತ್ತಾರೆ. ಅದೇ ಜನ ಅವರಿಗೊಬ್ಬ ಸಂಗಾತಿಯನ್ನು, ಆ ಸಂಗಾತಿಗೆ ಆಸ್ತಿಯಲ್ಲಿ ಪಾಲನ್ನು ಒಪ್ಪುತ್ತಾರೆಂದು ಅರ್ಥವಲ್ಲ. ದೇವಿಯ ಹೆಸರಿನ ಗೌರವ ಕಾನೂನಿನ ಮಾನ್ಯತೆಯ ಜಾಗ ತುಂಬುವುದಿಲ್ಲ. ಹಾಗಾಗಿ ಜೋಗಪ್ಪ ಪರಂಪರೆಯನ್ನು ತೋರಿಸಿ 'ನಮ್ಮಲ್ಲಿ ಮೊದಲೇ ಎಲ್ಲ ಇತ್ತು' ಎನ್ನುವ ವಾದ ಅರ್ಧ ದಾರಿಗೆ ನಿಲ್ಲುತ್ತದೆ.

ಅಚ್ಚಿನ ಕಾಗದಕ್ಕೆ ಬಂದರೆ, ಉತ್ತರ ಕರ್ನಾಟಕದ ಸಣ್ಣ ಊರುಗಳಿಗೆ ಗಂಡಸರ ನಡುವಿನ ಸಂಬಂಧದ ಬಗ್ಗೆ ಕನ್ನಡದಲ್ಲಿ ಬಂದದ್ದು ಹೆಚ್ಚಾಗಿ ಎಚ್‌ಐವಿ ತಡೆ ಕಾರ್ಯಕ್ರಮಗಳ ಕೈಪಿಡಿ, ಚಿತ್ರಪಟ, ಕರಪತ್ರಗಳು. ಅವು ಜೀವ ಉಳಿಸಿದವು, ಜನರನ್ನು ಒಂದೆಡೆ ಸೇರಿಸಿದವು. ಆದರೆ ಅವುಗಳ ಕನ್ನಡ ರೋಗದ ಕನ್ನಡ: ತಪಾಸಣೆ, ಸೋಂಕು, ಸುರಕ್ಷತೆ. ಪ್ರೀತಿಗೆ, ಮನೆ ಹೂಡುವುದಕ್ಕೆ ಅಲ್ಲಿ ಅಂಕಣವಿಲ್ಲ. ಹಾಗಿದ್ದೂ ಅವು ಸಂಗ್ರಹಕ್ಕೆ ಸೇರಲೇಬೇಕು. ಸರ್ಕಾರದ ಕಣ್ಣಿಗೆ ಈ ಜನ ಮೊದಲು ಯಾವ ರೂಪದಲ್ಲಿ ಕಂಡರೆಂಬುದಕ್ಕೆ ಅವೇ ಸಾಕ್ಷಿ.

ಇನ್ನು ಲಗ್ನಪತ್ರಿಕೆ. ಈ ಭಾಗದ ಯಾವುದೇ ಡಿಟಿಪಿ ಅಂಗಡಿಯಲ್ಲಿ ಒಂದು ಸಾಮಾನ್ಯ ಲಗ್ನಪತ್ರಿಕೆ ಹೇಗೆ ತಯಾರಾಗುತ್ತದೆಂದು ನೋಡಿ. ಗಿರಾಕಿ ರೆಡಿಮೇಡ್ ಕಾರ್ಡು ಆರಿಸುತ್ತಾನೆ. ಕೋರಲ್‌ಡ್ರಾದಲ್ಲಿ ಹಿಂದಿನ ಮದುವೆಯ ಫೈಲು ತೆರೆದುಕೊಳ್ಳುತ್ತದೆ, 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಹೆಸರಷ್ಟೇ ಬದಲು. ನೆತ್ತಿಯ ಮೇಲೆ ಮನೆದೇವರು: ಮಸ್ಕಿ ಕಡೆಯವರಾದರೆ ಶ್ರೀ ಮಲ್ಲಿಕಾರ್ಜುನ ಪ್ರಸನ್ನ, ಸಿಂಧನೂರು ಕಡೆಯವರಾದರೆ ಅಂಬಾಮಠದ ಅಂಬಾದೇವಿ. ಎಡಕ್ಕೆ ಚಿ. ರಾ., ಬಲಕ್ಕೆ ಚಿ. ಕುಂ. ಸೌ. ಅದರ ಕೆಳಗೆ ಇಂಥವರ ಜ್ಯೇಷ್ಠ ಪುತ್ರ, ಇಂಥವರ ದ್ವಿತೀಯ ಪುತ್ರಿ. ಆಮೇಲೆ ಅಕ್ಕಿಕಾಳಿನ ಮುಹೂರ್ತ, ಸ್ಥಳ. ಒಂದು ಮೂಲೆಯಲ್ಲಿ 'ನಮ್ಮ ಮಾಮನ ಮದುವಿಗೆ ತಪ್ಪದೇ ಬರ್ರಿ' ಎಂದು ಚಿಕ್ಕಮಕ್ಕಳ ಹೆಸರು. ಕಾರ್ಡಿನ ಅರ್ಧ ತುಂಬುವಷ್ಟು 'ಸುಖಾಗಮನ ಬಯಸುವವರು'. ಕೊನೆಗೆ ಮೂಲೆಗಳಿಗೆ ಅರಿಶಿಣ.

ಐರ್ಲೆಂಡಿನ ಬಿಲ್ಲೆಗೂ ಈ ಕಾರ್ಡಿಗೂ ದೊಡ್ಡ ಅಂತರವಿದೆ. ಬಿಲ್ಲೆಯನ್ನು ಒಬ್ಬರೇ ಚುಚ್ಚಿಕೊಳ್ಳಬಹುದು, ಮನೆಯವರ ಅಪ್ಪಣೆ ಬೇಡ. ಲಗ್ನಪತ್ರಿಕೆಯಲ್ಲಿ ಮಾತಾಡುವುದು ಬಳಗ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಒಂದು ಕಾರ್ಡು ಅಚ್ಚು ಹಾಕಿಸಹೊರಟರೆ ಎಡ ಬಲದ ಚಿ. ರಾ., ಚಿ. ಕುಂ. ಸೌ. ಬದಲಿಸುವುದು ಎರಡು ನಿಮಿಷದ ಕೆಲಸ. ಬದಲಿಸಲಾಗದ್ದು ಕೆಳಗಿನ ಹೆಸರುಗಳ ಸಾಲು. ದೊಡ್ಡಪ್ಪ, ಸೋದರಮಾವ, ಬೀಗರು ತಮ್ಮ ಹೆಸರು ಅಚ್ಚಾಗಲು ಒಪ್ಪಬೇಕು. ಈ ಸೀಮೆಯಲ್ಲಿ ಸಲಿಂಗ ವಿವಾಹದ ಪ್ರಶ್ನೆ ನಿಜಕ್ಕೂ ಸಿಕ್ಕಿಕೊಂಡಿರುವುದು ಆ ಸಾಲಿನಲ್ಲಿ. ಆದ್ದರಿಂದ ಇಲ್ಲಿನ ಸಂಗ್ರಹದಲ್ಲಿ ಸಾಮಾನ್ಯ ಲಗ್ನಪತ್ರಿಕೆಗಳಿಗೂ ಜಾಗ ಬೇಕು. ಮದುವೆಗೆ ಯಾರ ಒಪ್ಪಿಗೆಯನ್ನು ಊರು ಎಣಿಸುತ್ತದೆ ಎಂಬುದಕ್ಕೆ ಅವಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಮದುವೆಯ ರೂಪವನ್ನು ಅಚ್ಚಿನ ಕಾಗದದಿಂದ ಬದಲಿಸಹೊರಟ ಪರಂಪರೆ ಕನ್ನಡಕ್ಕೆ ಇದೆ. ಕುವೆಂಪು ಅವರ 'ಮಂತ್ರ ಮಾಂಗಲ್ಯ' ಒಂದು ಕಿರುಪುಸ್ತಿಕೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ನಡೆಯಿತು. ಪುರೋಹಿತ, ವರದಕ್ಷಿಣೆ, ಆಡಂಬರ ಬಿಟ್ಟು ಪುಸ್ತಿಕೆ ಓದಿ ಮದುವೆಯಾಗುವ ಕ್ರಮವನ್ನು ಅಂದಿನಿಂದ ಅನೇಕರು ಅನುಸರಿಸಿದ್ದಾರೆ. ಅದು ಗಂಡು ಹೆಣ್ಣಿನ ಮದುವೆಯನ್ನೇ ಕುರಿತದ್ದು. ಆದರೆ ಒಂದು ಸಣ್ಣ ಪುಸ್ತಿಕೆಯೂ ಮದುವೆಯ ಕಟ್ಟಳೆ ಬದಲಿಸಬಲ್ಲದೆಂದು ಕನ್ನಡಿಗರಿಗೆ ಅದು ತೋರಿಸಿಕೊಟ್ಟಿದೆ.

ನೋಟಿಸು ಫಲಕದ ಮೂವತ್ತು ದಿನ

ಸಬ್ ರಿಜಿಸ್ಟ್ರಾರ್ ಕಚೇರಿಯ ನೋಟಿಸು ಫಲಕ ನೋಡಬೇಕಾದ ಇನ್ನೊಂದು ಜಾಗ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಮೊದಲು ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಮೊದಲು ಮದುವೆಯಾಗಿತ್ತೇ ಎಂಬ ವಿವರಗಳಿರುವ ಆ ಹಾಳೆಯ ಪ್ರತಿಯನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಅಂತರ್ಜಾತಿ, ಅಂತರ್ಧರ್ಮೀಯ ಜೋಡಿಗಳಿಗೆ ಈ ಹಾಳೆ ಎಂಥ ಕುತ್ತು ತರಬಲ್ಲದೆಂದು ಸಣ್ಣ ಊರಿನವರಿಗೆ ಗೊತ್ತು. ಯಾರೋ ಫೋನಿನಲ್ಲಿ ಫೋಟೊ ತೆಗೆದರೆ ಸಾಕು, ಸಂಜೆಯೊಳಗೆ ಊರಿಗೆ ಸುದ್ದಿ.

ಸುಪ್ರೀಂ ಕೋರ್ಟಿನಲ್ಲಿ ವಾದ ಸುತ್ತಿದ್ದೂ ಈ ಕಾಯ್ದೆಯ ಸುತ್ತಲೇ. ಅದರ 4ನೇ ಕಲಮು ಗಂಡಿಗೆ 21, ಹೆಣ್ಣಿಗೆ 18 ವಯಸ್ಸು ತುಂಬಿರಬೇಕೆನ್ನುತ್ತದೆ. ಆ ಎರಡು ಮಾತುಗಳನ್ನು 'ವ್ಯಕ್ತಿ' ಎಂದು ಓದಿಕೊಳ್ಳಬಹುದೇ ಎಂಬುದು ಅರ್ಜಿದಾರರ ಪ್ರಶ್ನೆ. ಹಾಗೆ ಓದಿದರೆ ಕಾನೂನನ್ನೇ ತಿದ್ದಿದಂತೆ, ಅದು ಸಂಸತ್ತಿನ ಕೆಲಸ ಎಂದು ನ್ಯಾಯಾಲಯ ನಿಂತುಬಿಟ್ಟಿತು. ಹೀಗಾಗಿ ಲಿಂಗಸುಗೂರಿನ ಕಚೇರಿಯ ಖಾಲಿ ನಮೂನೆ ಇಡೀ ವ್ಯಾಜ್ಯದ ಮೂಲಪಾಠ. ಯಾವ ಸಂಗ್ರಾಹಕನೂ ಅದಕ್ಕೆ ಬೆಲೆ ಕಟ್ಟಲಾರ. ಯಾವ ದಾಖಲಾಗಾರವೂ ಅದನ್ನು ಬಿಡಬಾರದು.

ತೀರ್ಪು ಒಂದು ಬಾಗಿಲನ್ನು ತೆರೆದೇ ಇಟ್ಟಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಗಂಡು ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದೆಂದು ಪೀಠ ಒಮ್ಮತದಿಂದ ಹೇಳಿತು. 2019ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಕೊಡುತ್ತಾರೆ. ರಾಯಚೂರಿನ ಜಿಲ್ಲಾಡಳಿತದಿಂದ ಬರುವ ಆ ಹಾಳೆ ಕೆಲವರಿಗೆ ರಾಜ್ಯ ಸರ್ಕಾರದ 'ಮೈತ್ರಿ' ಪಿಂಚಣಿಯ ಆಧಾರ, ಇನ್ನು ಕೆಲವರಿಗೆ ಮದುವೆಯ ದಾರಿಯ ಮೊದಲ ಮೆಟ್ಟಿಲು.

2024ರ ಆಗಸ್ಟ್‌ ಹೊತ್ತಿಗೆ ಕೇಂದ್ರದಿಂದ ಬಂದ ಕೆಲವು ಸೂಚನೆಗಳು ತೀರ್ಪಿನಷ್ಟು ಸುದ್ದಿಯಾಗದಿದ್ದರೂ ತಾಲೂಕಿನ ಮಟ್ಟಕ್ಕೆ ಹೆಚ್ಚು ಹತ್ತಿರದವು. ಪಡಿತರ ಚೀಟಿಯ ಉದ್ದೇಶಕ್ಕೆ ಒಟ್ಟಿಗೆ ಬಾಳುವ ಸಲಿಂಗ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದು ಆಹಾರ ಇಲಾಖೆ ರಾಜ್ಯಗಳಿಗೆ ತಿಳಿಸಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಇಲಾಖೆ ಸ್ಪಷ್ಟಪಡಿಸಿತು. ಮದುವೆಯ ಹಕ್ಕು ಸಿಗಲಿಲ್ಲ, ಮದುವೆಯಿಂದ ಸಿಗುವ ಒಂದೆರಡು ಅನುಕೂಲ ಸಿಕ್ಕವು. ನ್ಯಾಯಬೆಲೆ ಅಂಗಡಿಯವನಿಗೆ, ಬ್ಯಾಂಕಿನ ಕೌಂಟರಿನವರಿಗೆ ಈ ಕಾಗದ ತಲುಪಿದೆಯೇ ಎಂಬುದರ ಮೇಲೆ ಅದರ ಬೆಲೆ.

ಉಳಿಯುವ ಕಾಗದ, ಉಳಿಯದ ಕಾಗದ

ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಅಶೋಕನ ಹೆಸರಿರುವ ಶಾಸನ ಸಿಕ್ಕಿತು. ಅರಸನ ಮಾತು ಬಂಡೆಯ ಮೇಲೆ ಎರಡು ಸಾವಿರ ವರ್ಷ ನಿಂತಿತ್ತು. ಹೋರಾಟದ ಮಾತು ಬರೆಯುವುದು ಅಗ್ಗದ ಕಾಗದದ ಮೇಲೆ, ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ. ಫ್ಲೆಕ್ಸಿನ ಬಣ್ಣ ಒಂದು ಬೇಸಿಗೆಗೆ ಬಿಳಚುತ್ತದೆ. ಕಾರ್ಯಕ್ರಮ ಮುಗಿದ ಮರುದಿನ ಅದು ಬಣವೆಯ ಹೊದಿಕೆ, ಗುಡಿಸಲಿನ ಮಾಡು, ಸಿಂಧನೂರಿನ ಸುಗ್ಗಿಯಲ್ಲಿ ಭತ್ತದ ಹಾಸು. ಯಂತ್ರದಿಂದ ಬರುವ ರಸೀದಿಯ ಥರ್ಮಲ್ ಕಾಗದ ಕೆಲವೇ ವರ್ಷಗಳಲ್ಲಿ ಖಾಲಿ ಹಾಳೆಯಾಗುತ್ತದೆ. ಅದನ್ನು ಸಿಕ್ಕಿದ ದಿನವೇ ಜೆರಾಕ್ಸ್ ಮಾಡಬೇಕು. ಪತ್ರಿಕೆಯ ತುಣುಕು ಕಂದಾಗಿ ಪುಡಿಯಾಗುತ್ತದೆ. ಜೋಪಾನ ಮಾಡುತ್ತೇನೆಂದು ಲ್ಯಾಮಿನೇಷನ್ ಮಾಡಿಸಿದರೆ ಒಳಗಿನ ಹಾಳೆ ಬಿಸಿಗೆ ಹಾಳು, ಮತ್ತೆ ತೆಗೆಯಲೂ ಬಾರದು. ಸ್ಟೇಪಲ್ ಪಿನ್ನು ತೆಗೆದು, ದಪ್ಪ ಬಿಳಿ ಕಾಗದದ ಲಕೋಟೆಯಲ್ಲಿಟ್ಟು, ಗೆದ್ದಲು ತಾಗದ ಕಬ್ಬಿಣದ ಬೀರುವಿನಲ್ಲಿಟ್ಟರೆ ಅರ್ಧ ಕೆಲಸ ಮುಗಿಯಿತು.

ಕಂಪ್ಯೂಟರಿನ ಫೈಲುಗಳದ್ದೂ ಕಷ್ಟವೇ. ಹಳೆಯ ನುಡಿ ಅಕ್ಷರದಲ್ಲಿ ಮಾಡಿದ ಕರಪತ್ರದ ಫೈಲು ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ, ಒಂದು ಪ್ರತಿ ಮುದ್ರಿಸಿಡುವುದೇ ಭದ್ರ.

ಇನ್ನೊಂದು ಸಾಮಾನ್ಯ ಕೊರತೆ ತಾರೀಖು. ಚುನಾವಣೆಯ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರಿರಬೇಕೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಹೇಳುತ್ತದೆ, ಪ್ರತಿಗಳ ಲೆಕ್ಕವನ್ನೂ ಅಧಿಕಾರಿಗೆ ಕೊಡಬೇಕು. ಸಭೆ, ಧರಣಿಯ ಕರಪತ್ರಗಳಲ್ಲಿ 'ಭಾನುವಾರ ಬೆಳಿಗ್ಗೆ 10ಕ್ಕೆ' ಎಂದಷ್ಟೇ ಇರುತ್ತದೆ, ಇಸವಿ ಇರುವುದಿಲ್ಲ. ಸಿಕ್ಕ ದಿನ, ಕೊಟ್ಟವರು ಎಲ್ಲಿ ಪಡೆದರೆಂಬುದನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡದಿದ್ದರೆ ಹತ್ತು ವರ್ಷಕ್ಕೆ ಆ ಕಾಗದ ಅನಾಥ.

ಯಾರ ಹೆಸರು, ಯಾರ ಒಪ್ಪಿಗೆ

ಚುನಾವಣೆಯ ಕರಪತ್ರ ಕೂಡಿಡಲು ಯಾರನ್ನೂ ಕೇಳಬೇಕಿಲ್ಲ. ಇಲ್ಲಿ ಹಾಗಲ್ಲ. ಒಂದು ಪತ್ರ, ಒಂದು ಫೋಟೊ, ಒಂದು ಅರ್ಜಿಯ ನಕಲು ಹೊರಬಿದ್ದರೆ ಒಬ್ಬರ ಕೆಲಸ ಹೋಗಬಹುದು, ಮನೆ ಬಿಡಬೇಕಾಗಬಹುದು. 2020ರಲ್ಲಿ ಅಮೆರಿಕದಲ್ಲಿ ನೆಲೆಸಿದ ಕೊಡವ ಯುವಕನೊಬ್ಬ ತನ್ನ ಗೆಳೆಯನನ್ನು ಕೊಡವ ಉಡುಗೆಯಲ್ಲಿ ವರಿಸಿದ ಫೋಟೊಗಳು ಹರಿದಾಡಿ, ಊರಿನ ಸಮಾಜದವರು ಸಿಟ್ಟಾದದ್ದು ಪತ್ರಿಕೆಗಳಲ್ಲಿ ಬಂತು. ಸಾವಿರಾರು ಮೈಲಿ ದೂರದಲ್ಲಿದ್ದವರಿಗೇ ಹೀಗಾದರೆ, ಮೂರು ಕಿಲೋಮೀಟರ್ ಆಚೆ ಸೋದರಮಾವನ ಹೊಲವಿರುವವರ ಗತಿ ಹೇಳಬೇಕಿಲ್ಲ.

2017ರ ಆಗಸ್ಟ್ 24ರ ಸುಪ್ರೀಂ ಕೋರ್ಟಿನ ಖಾಸಗಿತನದ ತೀರ್ಪು ಲೈಂಗಿಕ ಒಲವನ್ನು ಖಾಸಗಿತನದ ಅವಿಭಾಜ್ಯ ಭಾಗವೆಂದಿತು. ಆ ಪ್ರಕರಣದ ಅರ್ಜಿದಾರ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಂಗ್ರಹಕಾರರು ಆ ತೀರ್ಪನ್ನು ಕಪಾಟಿನಲ್ಲಿಟ್ಟರೆ ಸಾಲದು, ಪಾಲಿಸಬೇಕು. ಕೊಟ್ಟವರು ಬೇಡವೆಂದ ದಿನ ಕಾಗದ ಹಿಂತಿರುಗಬೇಕು. ಹೆಸರು, ವಿಳಾಸ ಮುಚ್ಚಿದ ಪ್ರತಿಯನ್ನೇ ಓದುಗರಿಗೆ ಕೊಡಬೇಕು. ಇಷ್ಟು ವರ್ಷ ತೆರೆಯಬಾರದೆಂದು ಮೊಹರು ಮಾಡಿಡುವ ಅವಕಾಶವಿರಬೇಕು. ತಾಲೂಕು ಕೇಂದ್ರದ ಗ್ರಂಥಾಲಯದಲ್ಲಿ ಎಲ್ಲರಿಗೂ ಎಲ್ಲರ ಗುರುತಿರುತ್ತದೆ. ಆದ್ದರಿಂದ ಖಾಸಗಿ ಕಾಗದ ದೂರದ ದಾಖಲಾಗಾರಕ್ಕೆ ಹೋಗಿ, ಸಾರ್ವಜನಿಕ ಕಾಗದ ಊರಿನಲ್ಲಿ ಉಳಿಯುವುದು ಜಾಣತನ.

ಸಮೀಕ್ಷೆಯ ತೀರ್ಮಾನ

ಒಟ್ಟು ನೋಡಿದರೆ ಮೂರು ಮಾತು ಸ್ಪಷ್ಟ. ಮೊದಲನೆಯದು, ಹೊರದೇಶದ ಬಿಲ್ಲೆ ಪೋಸ್ಟರುಗಳ ಅಳತೆಗೋಲು ಇಲ್ಲಿಗೆ ಹೊಂದುವುದಿಲ್ಲ. ಮತಕ್ಕೆ ಬಾರದ ಪ್ರಶ್ನೆಗೆ ಮತದ ಕಾಗದ ಇರುವುದಿಲ್ಲ. ಎರಡನೆಯದು, ಬೆಂಗಳೂರಿನ ಕಪಾಟು ಎಷ್ಟೇ ತುಂಬಿದರೂ ಈ ಮೂರು ತಾಲೂಕುಗಳ ಕಥೆ ಹೇಳಲಾರದು. ಇಲ್ಲಿನ ಕಾಗದ ಆರೋಗ್ಯ ಕರಪತ್ರ, ಲಗ್ನಪತ್ರಿಕೆ, ನೋಟಿಸು ನಮೂನೆ, ಗುರುತಿನ ಪ್ರಮಾಣಪತ್ರ, ಸುತ್ತೋಲೆಗಳಲ್ಲಿ ಹಂಚಿಹೋಗಿದೆ. ಮೂರನೆಯದು, ಇವುಗಳಲ್ಲಿ ಹೆಚ್ಚಿನವು ಯಾರ ಗುಟ್ಟನ್ನೂ ಬಯಲು ಮಾಡದ ಸಾರ್ವಜನಿಕ ಕಾಗದಗಳು. ಪದವಿ ಕಾಲೇಜಿನ ಒಂದು ಕನ್ನಡ ಅಥವಾ ಇತಿಹಾಸ ವಿಭಾಗ, ತಾಲೂಕು ಕೇಂದ್ರದ ಒಂದು ಗ್ರಂಥಾಲಯ ಮನಸ್ಸು ಮಾಡಿದರೆ ಯಾರಿಗೂ ತೊಂದರೆಯಾಗದಂತೆ ನಾಳೆಯೇ ಶುರು ಮಾಡಬಹುದು.

ಎಲ್ಲಿಂದ ಶುರು ಎಂದು ಕೇಳಿದರೆ, 2024ರ ಪಡಿತರ ಸೂಚನೆಯಿಂದ ಎನ್ನುತ್ತೇನೆ. ಅದರ ಕನ್ನಡ ಸಾರಾಂಶವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ತಾರೀಖು, ಮುದ್ರಕರ ಹೆಸರು ಹಾಕಿ, ಒಂದು ಪ್ರತಿ ಕಡತಕ್ಕೆ, ಉಳಿದದ್ದು ನ್ಯಾಯಬೆಲೆ ಅಂಗಡಿ, ತಹಶೀಲ್ದಾರ್ ಕಚೇರಿ, ಬ್ಯಾಂಕುಗಳಿಗೆ. ಪಡಿತರ ಚೀಟಿಗೆ ಅರ್ಜಿ ಹಾಕುವ ಜೋಡಿ ತನ್ನ ಕಥೆ ಹೇಳಿಕೊಳ್ಳುವ ಬದಲು ಆ ಹಾಳೆ ತೋರಿಸಿದರೆ ಸಾಕಾಗಬೇಕು. ಹಾಗೆ ಹತ್ತು ಕೈ ದಾಟಿ, ಮಡಿಕೆ ಬಿದ್ದು, ಮೇಲೊಂದು ಕಚೇರಿಯ ಸ್ವೀಕೃತಿ ಮೊಹರು ಹೊತ್ತು ಬಂದ ಪ್ರತಿ ಸಿಂಧನೂರು ಸೀಮೆಯ ಮೊದಲ ನಿಜವಾದ ಪ್ರಚಾರ ಸ್ಮಾರಕವಾಗುತ್ತದೆ.